ಮಾಳಿಗೆ ಮೇಲಿನ ಮೇನ್‌ಫ್ರೇಮ್

ಸುರಪುರದ ರಂಗಂಪೇಟೆಯ ನಮ್ಮ ಮನೆಯ ಮಾಳಿಗೆ ಮೇಲೆ ಒಂದೇ ಒಂದು ಕೋಣೆ. ಮಾವನವರು ಇದ್ದಾಗ ಅಲ್ಲಿ ಶೇಂಗಾ ಚೀಲ, ಹಳೆಯ ಹಾಸಿಗೆ, ಕಾಲು ಮುರಿದ ಕುರ್ಚಿ ಇಡುತ್ತಿದ್ದರಂತೆ. ಈಗ ಅಲ್ಲಿ ನನ್ನ ಮೇಜು, ಎರಡು ಪರದೆ, ಒಂದು ಇನ್ವರ್ಟರು, ಬೇಸಿಗೆಯಲ್ಲಿ ಬಿಸಿಗಾಳಿಯನ್ನೇ ತಿರುವಿ ಹಾಕುವ ಒಂದು ಫ್ಯಾನು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಅತ್ತೆಗೆ ಸ್ನಾನ ಮಾಡಿಸಿ, ಗುಳಿಗೆ ನುಂಗಿಸಿ, ಇಪ್ಪತ್ತು ಮೆಟ್ಟಿಲು ಹತ್ತಿದರೆ ನನ್ನ ಆಫೀಸು.

ಮದುವೆಗೆ ಮುಂಚಿನಿಂದಲೂ ನಾನು ಹೈದರಾಬಾದಿನಲ್ಲಿ ಮೇನ್‌ಫ್ರೇಮ್ ಕೆಲಸದಲ್ಲಿದ್ದೆ. ಮೇನ್‌ಫ್ರೇಮ್ ಅಂದರೆ ಕಪಾಟಿನಷ್ಟು ದೊಡ್ಡದಾದ, ವರ್ಷಗಟ್ಟಲೆ ನಿಲ್ಲದೆ ನಡೆಯುವ ಕಂಪ್ಯೂಟರು. ಮಾವನವರು ತೀರಿಕೊಂಡು, ಅತ್ತೆಗೆ ಮರೆವು ಶುರುವಾದಾಗ ಸುರಪುರಕ್ಕೆ ಬರಲೇಬೇಕಾಯಿತು. ನನ್ನ ಗಂಡನಿಗೆ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್ ಕೆಲಸ ಸಿಕ್ಕಿತು. ದಿನಾ ಶಹಾಪುರ, ಯಾದಗಿರಿ ದಾಟಿ ಹೋಗಿ ಬರಲಾಗದೆ ಅವರು ಅಲ್ಲೇ ಕೋಣೆ ಹಿಡಿದು, ವಾರದ ರಜೆಗೆ ಮನೆಗೆ ಬರುತ್ತಿದ್ದರು. ನಾನು ಕೆಲಸ ಬಿಡುತ್ತೇನೆ ಅಂದಾಗ ಕಂಪನಿಯವರು ಬಿಡಲಿಲ್ಲ. ಮನೆಯಿಂದಲೇ ಮಾಡಿ ಅಂದರು. ಆಗ ಅದು ಉಪಕಾರ ಅನ್ನಿಸಿತ್ತು.

ಅವರು ಬಿಡದಿದ್ದದ್ದು ಒಂದು ಡಿಸ್ಕಿಗಾಗಿ. ಮೇನ್‌ಫ್ರೇಮಿನೊಳಗೆ ಹತ್ತಾರು ಕಂಪ್ಯೂಟರುಗಳು ಇರುವ ಹಾಗೆ ಮಾಡಬಹುದು. ಅವಕ್ಕೆ ಬೇರೆ ಪೆಟ್ಟಿಗೆ, ತಂತಿ ಏನೂ ಇರುವುದಿಲ್ಲ. ಎಲ್ಲ ಸಾಫ್ಟ್‌ವೇರಿನಲ್ಲೇ ಕಟ್ಟಿದ್ದು. ಅವನ್ನು ವರ್ಚುವಲ್ ಮಶೀನು ಅನ್ನುತ್ತೇವೆ. ಅವನ್ನೆಲ್ಲ ಹೊತ್ತು ನಡೆಸುವ ಮುಖ್ಯ ವ್ಯವಸ್ಥೆಗೆ ಹೋಸ್ಟ್ ಅನ್ನುತ್ತೇವೆ. ಸಾಮಾನ್ಯವಾಗಿ ವರ್ಚುವಲ್ ಮಶೀನಿಗೆ ಸ್ವಂತದ ಡಿಸ್ಕು ಇರುವುದಿಲ್ಲ. ಹೋಸ್ಟ್ ತನ್ನ ಜಾಗದಲ್ಲೇ ಸ್ವಲ್ಪ ಕೊಟ್ಟು, ಅದರ ಓದು ಬರಹವನ್ನೆಲ್ಲ ತಾನೇ ಮಾಡಿಕೊಡುತ್ತದೆ. ನಮ್ಮ ಒಂದು ಮಶೀನಿಗೆ ಮಾತ್ರ ಅದು ಸಾಗುತ್ತಿರಲಿಲ್ಲ. ಒಂದು ವಿಮಾ ಕಂಪನಿಯ ಹಳೆಯ ಪಾಲಿಸಿಗಳೆಲ್ಲ ಹಳೆಯ ಪದ್ಧತಿಯಲ್ಲಿ ಬರೆದ ಒಂದು ಡಿಸ್ಕಿನ ಮೇಲಿದ್ದವು. ಆ ಬರಹ ಹೋಸ್ಟಿಗೆ ತಿಳಿಯದು, ಆ ಮಶೀನಿಗೆ ತಿಳಿಯುತ್ತದೆ. ಹಾಗಾಗಿ ಡಿಸ್ಕನ್ನೇ ನೇರವಾಗಿ ಮಶೀನಿನ ಕೈಗೆ ಒಪ್ಪಿಸಬೇಕು. ಮೊದಲು ಹೋಸ್ಟ್ ಅದನ್ನು ಬಿಡಬೇಕು, ಆಮೇಲೆ ನಡುವೆ ಬೇರೊಂದು ಡ್ರೈವರನ್ನು, ಅಂದರೆ ಡಿಸ್ಕು ನಡೆಸುವ ಸಣ್ಣ ಪ್ರೋಗ್ರಾಮನ್ನು, ಕೂಡಿಸಬೇಕು, ಅದರ ಮೂಲಕ ಮಶೀನಿಗೆ ಜೋಡಿಸಬೇಕು. ಪಾಸ್‌ಥ್ರೂ ಅಂತ ಅದರ ಹೆಸರು. ಒಮ್ಮೆ ಒಪ್ಪಿಸಿದ ಮೇಲೆ ಹೋಸ್ಟ್ ಕೂಡ ಅದನ್ನು ಮುಟ್ಟುವ ಹಾಗಿಲ್ಲ. ಈ ಕೆಲಸ ಬಲ್ಲವರು ನಮ್ಮ ತಂಡದಲ್ಲಿ ಇಬ್ಬರಿದ್ದೆವು. ಅದನ್ನು ಮೊದಲು ಜೋಡಿಸಿದಾತ ನೌಕರಿ ಬಿಟ್ಟು ಹೋದ. ಉಳಿದವಳು ನಾನು.

“ಇನ್ನೊಬ್ಬರು ಸಿಗೋವರೆಗೂ ಇರಿ ಮೇಡಂ,” ಅಂತ ನಮ್ಮ ಮ್ಯಾನೇಜರು ಪ್ರತಿ ಸಲ ಅನ್ನುತ್ತಿದ್ದರು. ಅವರು ಮೈಸೂರು ಕಡೆಯವರು, ಮಾತು ಬಲು ಮೆತ್ತಗೆ. ಇನ್ನೊಬ್ಬರು ಸಿಗಲಿಲ್ಲ. ಹುಡುಕುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಅತ್ತೆಯವರ ಬಗ್ಗೆ ಹೇಳಬೇಕು. ಅವರು ಸರ್ಕಾರಿ ದವಾಖಾನೆಯ ನರ್ಸಮ್ಮ. ಬೋನಾಳ ಕಡೆಯ ಹಳ್ಳಿಗಳಲ್ಲಿ ಅವರ ಕೈಮೇಲೆ ಹುಟ್ಟದವರೇ ಕಡಿಮೆ. ಬಸ್ಸಿಲ್ಲದ ದಾರಿಯಲ್ಲಿ ಚಕ್ಕಡಿಯಲ್ಲೋ, ನಡೆದೋ ಹೋಗಿ ಬರುತ್ತಿದ್ದರಂತೆ. ನಾನು ಮದುವೆಯಾಗಿ ಬಂದಾಗ ಅವರು ನಿವೃತ್ತರಾಗಿದ್ದರೂ ಓಣಿಯ ಬಸುರಿಯರು ಮೊದಲು ಇವರಿಗೆ ಕೈ ತೋರಿಸಿ ಆಮೇಲೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಅಂಥ ಹೆಣ್ಣುಮಗಳು ಒಂದು ದಿನ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮಾಳಿಗೆ ಮೇಲಿದ್ದ ನನಗೆ ಗೊತ್ತಾಗಲಿಲ್ಲ. ಎದುರು ಮನೆಯ ಆಪಾ ಓಡಿ ಬಂದು ಹೇಳಿದಾಗ ಇಬ್ಬರೂ ಆಟೋ ಹಿಡಿದು ಹುಡುಕಿದೆವು. ಬೋನಾಳದ ದಾರಿಯಲ್ಲಿ ಹಳ್ಳ ದಾಟುವ ಒಂದು ಸಿಡಿಯ, ಅಂದರೆ ಸಣ್ಣ ಸೇತುವೆಯ, ಕಟ್ಟೆ ಮೇಲೆ ಕುಳಿತಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು.

“ಎಲ್ಲಿಗೆ ಹೊಂಟೀರಿ ಅತ್ತಿ?” ಅಂದೆ.

“ಒಬ್ಬಾಕಿ ಹೆರಿಗಿ ಬ್ಯಾನಿ ತಿನ್ನಾಕತ್ಯಾಳ. ಕರಿಯಾಕ ಬಂದಿದ್ರು,” ಅಂದರು. “ನೀ ಯಾರ ಮನಿಯಾಕಿ?”

ಯಾದಗಿರಿಯ ಡಾಕ್ಟರು, ಒಬ್ಬರನ್ನೇ ಬಿಡಬೇಡಿ, ಬಾಗಿಲು ಹಾಕಿಡಿ ಅಂದರು. ನನ್ನ ಗಂಡ ಮುಂಬಾಗಿಲಿಗೆ ಹೊಸ ಬೀಗ ಕೂಡಿಸಿದರು. ಅದರ ಕೀಲಿ ನನ್ನ ಕೊರಳಿನ ದಾರಕ್ಕೆ ಬಂತು. ಒಬ್ಬ ಆಯಾಳನ್ನು ಗೊತ್ತುಮಾಡಿದೆವು. ಅತ್ತೆ ಅವಳನ್ನು ಒಂದು ಹೊತ್ತೂ ಹತ್ತಿರ ಸೇರಿಸಲಿಲ್ಲ. ಆಪಾ ಒಬ್ಬಳೇ ಅವರಿಗೆ ಒಗ್ಗಿದವಳು. ನಾನು ಮೀಟಿಂಗಿನಲ್ಲಿ ಕೂಡುವಾಗ ಆಪಾ ತನ್ನ ಹೊಲಿಗೆ ತಂದುಕೊಂಡು ಅತ್ತೆಯ ಜೊತೆ ಕೂಡುತ್ತಿದ್ದಳು.

ಹೀಗೆ ದಿನಗಳು ಸಾಗಿದವು. ತರಕಾರಿ ತರಲು ಹೋಗಬೇಕೆಂದರೂ ಆಪಾಳ ಬಿಡುವು ನೋಡಬೇಕು. ಸುರಪುರದ ಬಸ್‌ಸ್ಟ್ಯಾಂಡು ನೋಡಿ ತಿಂಗಳಾದದ್ದೂ ಉಂಟು. ಮಾಳಿಗೆ ಮೇಲೆ ನಿಂತರೆ ಗುಡ್ಡ ಕಾಣುತ್ತದೆ, ಗುಡ್ಡದ ಬಂಡೆಗಳ ಮೇಲೆ ಮಂಗಗಳು ಕಾಣುತ್ತವೆ. ಅವು ನಮ್ಮ ಮಾಳಿಗೆಗೆ ಬಂದು, ಕಟ್ಟೆ ಮೇಲೆ ಕೂತು, ಕಿಟಕಿಯಲ್ಲಿ ನನ್ನನ್ನು ನೋಡಿ ಹೋಗುತ್ತಿದ್ದವು. ನಾನು ಫೋನಿನಲ್ಲಿ ಮಾತನಾಡುತ್ತಿದ್ದರೆ ಹೆಚ್ಚು ಹೊತ್ತು ಕೂಡುತ್ತಿದ್ದವು.

ಬೇಸಿಗೆಯ ಒಂದು ಭಾನುವಾರ ಹೋಸ್ಟನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದಿತ್ತು. ಅದಕ್ಕೆ ಹೊಸ ಡಿಸ್ಕುಗಳನ್ನು ಕೂಡಿಸಿದ್ದರು. ವಿಮಾ ಕಂಪನಿಗೆ ರಜೆ, ಹಾಗಾಗಿ ಭಾನುವಾರವೇ ಆಗಬೇಕು. ಆಪಾ ಹಿಂದಿನ ದಿನವೇ ಸೈದಾಪುರಕ್ಕೆ ತಂಗಿಯ ಮಗಳ ನಿಕಾಹ್‌ಗೆ ಹೋಗಿದ್ದಳು. “ಫಿಕರ್ ಮಾಡಬ್ಯಾಡ್ರಿ, ಐತಾರ ಸಂಜಿಗೆ ಬಂದೇ ಬಿಡ್ತೀನಿ,” ಅಂದು ಹೋದವಳು. ಗಂಡನಿಗೆ ಅಂದು ಬೆಳಗಿನ ಶಿಫ್ಟು. ಒಳಗೆ ಫೋನು ಒಯ್ಯುವ ಹಾಗಿಲ್ಲ. ಅತ್ತೆಗೆ ಉಣ್ಣಿಸಿ, ಹಾಸಿಗೆ ಹಾಸಿ ಮಲಗಿಸಿ, ಮುಂಬಾಗಿಲು ಬೀಗ ಹಾಕಿ ನಾನು ಮೇಲೆ ಹೋದೆ.

ಹೋಸ್ಟ್ ನಿಂತಿತು, ಎದ್ದಿತು. ಒಂದೊಂದಾಗಿ ವರ್ಚುವಲ್ ಮಶೀನುಗಳೂ ಎದ್ದವು. ಆ ಒಂದು ಮಾತ್ರ ಅರ್ಧಕ್ಕೆ ನಿಂತಿತು. ಡಿಸ್ಕಿನ ಮೇಲಿರುವ ಹೆಸರು ತನಗೆ ಗೊತ್ತಿರುವ ಹೆಸರಲ್ಲ, ಇದನ್ನೇ ಒಪ್ಪಿಕೊಂಡು ಮುಂದುವರಿಯಲೇ ಅಂತ ಪರದೆಯ ಮೇಲೆ ಕೇಳುತ್ತಿತ್ತು.

ಮ್ಯಾನೇಜರು ಫೋನಿನಲ್ಲಿದ್ದರು. “ಏನಂತೆ ಮೇಡಂ?”

“ಲೇಬಲ್ ಬ್ಯಾರೆ ಅದ ಅನ್ನಾಕತ್ತದ ಸರ್.”

“ಒಪ್ಪಿಕೋ ಅಂತ ಹೇಳ್ಬಿಡಿ. ರಜೆ ಇದ್ರೂ ವಿಮೆಯವರ ಐಟಿ ತಂಡ ಕಾಯ್ತಾ ಇದೆ. ಡಿಸ್ಕ್ ಅದೇ ತಾನೆ?”

ಅದೇ ತಾನೆ ಅನ್ನುವಷ್ಟು ಧೈರ್ಯ ನನಗೆ ಇರಲಿಲ್ಲ. ಹೋಸ್ಟಿನ ಕಡೆ ಹೋಗಿ ಅದರ ಡಿಸ್ಕುಗಳನ್ನೆಲ್ಲ ನೋಡಿದೆ. ವಿಮೆಯ ಡಿಸ್ಕು ಹೋಸ್ಟಿಗೆ ಕಾಣಲೇಬಾರದು, ಕಾಣುತ್ತಿತ್ತು. ಬೇರೆ ವಿಭಾಗದ್ದೊಂದು ಡಿಸ್ಕು ಹೋಸ್ಟಿನಲ್ಲೇ ಇರಬೇಕು, ಇರಲಿಲ್ಲ. ಪ್ರತಿ ಡಿಸ್ಕಿಗೆ ತನ್ನದೇ ಒಂದು ನಂಬರು ಇರುತ್ತದೆ, ಅದು ಬದಲಾಗುವುದಿಲ್ಲ. ಅದಕ್ಕೆ ಹೋಗುವ ದಾರಿಗೆ ಇನ್ನೊಂದು ನಂಬರು. ಹೊಸ ಡಿಸ್ಕುಗಳು ಸೇರಿದ್ದರಿಂದ ದಾರಿಯ ನಂಬರುಗಳು ಒಂದರ ಹಿಂದೆ ಒಂದು ಸರಿದಿದ್ದವು. ಮೊದಲು ಜೋಡಿಸಿದಾತ ‘ಇಂಥ ದಾರಿಯಲ್ಲಿರುವುದನ್ನು ಮಶೀನಿಗೆ ಕೊಡು’ ಅಂತ ಬರೆದಿದ್ದ. ಹೋಸ್ಟ್ ಹಾಗೇ ಮಾಡಿತ್ತು. ಆ ದಾರಿಯಲ್ಲಿ ಈಗ ಇದ್ದದ್ದು ಪರರ ಡಿಸ್ಕು.

“ಸರ್, ಅದು ನಮ್ಮ ಡಿಸ್ಕಲ್ಲ. ಬ್ಯಾರೆಯವರದು ಹೋಗಿ ಕುಂತದ. ಹೂಂ ಅಂದ್ರ ಅದರ ಮ್ಯಾಲ ಬರದುಬಿಡ್ತದ.”

“ಏನೂ ಬರ್ದಿಲ್ಲ ತಾನೆ ಇನ್ನೂ?”

“ಇಲ್ಲ ಅನ್ಕೋತೀನಿ. ಮಶೀನ್ ಬಂದ್ ಮಾಡ್ತೀನಿ ಮೊದಲ.”

“ಮಾಡಿ. ಆದರೆ ನೀವು ಎದ್ದು ಹೋಗ್ಬೇಡಿ ಮೇಡಂ. ಲೈನ್‌ನಲ್ಲೇ ಇರಿ. ನಿಮ್ಮನ್ನ ಬಿಟ್ರೆ ಇವತ್ತು ಯಾರೂ ಇಲ್ಲ.”

ಮಶೀನನ್ನು ನಿಲ್ಲಿಸಿದೆ. ಅಷ್ಟರಲ್ಲಿ ಕೆಳಗೆ ಪಾತ್ರೆ ಬಿದ್ದ ಸಪ್ಪಳ. ಅತ್ತೆ ಎದ್ದಿದ್ದಾರೆ. ಬೆಳಿಗ್ಗೆ ಗ್ಯಾಸು ಬಂದ್ ಮಾಡಿದ್ದೆನೋ ಇಲ್ಲವೋ ಎಷ್ಟು ನೆನೆದರೂ ನೆನಪಾಗಲಿಲ್ಲ. ಸಿಲಿಂಡರಿನ ಕಿವಿ ತಿರುಗಿಸಿದ ನೆನಪಿತ್ತು, ಆದರೆ ಅದು ನಿನ್ನೆಯದೂ ಇರಬಹುದು. “ಐದು ನಿಮಿಷ ಸರ್,” ಅಂದು ಫೋನು ಕಟ್ ಮಾಡಿ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದೆ.

ಮೆಟ್ಟಿಲ ಕೊನೆಯಲ್ಲಿ ತಗಡಿನ ಬಾಗಿಲು. ಮಂಗಗಳು ಮಾಳಿಗೆಯಿಂದ ಒಳಗೆ ಇಳಿಯಬಾರದೆಂದು ಮಾವನವರು ಹಾಕಿಸಿದ್ದು. ಕೆಳಗಿನಿಂದ ಚಿಲಕ. ದೂಡಿದೆ, ಅಲುಗಲಿಲ್ಲ. ಅತ್ತೆ ಆ ಕಡೆಯಿಂದ ಚಿಲಕ ಹಾಕಿದ್ದರು.

“ಅತ್ತೀ, ಬಾಗಲಾ ತಗೀರಿ.”

ಮತ್ತೆ ಕರೆದೆ. ಹೆಜ್ಜೆ ಸಪ್ಪಳ ಹತ್ತಿರ ಬಂತು.

“ಯಾರದು?”

“ನಾನ್ರಿ, ಸೊಸಿ. ಚಿಲಕಾ ತಗೀರಿ.”

“ಸೊಸಿ ಹೈದರಾಬಾದಿನ್ಯಾಗ ಅದಾಳ. ಮ್ಯಾಲೆ ಮಂಗ್ಯಾ ಬಿಟ್ರ ಯಾರಿಲ್ಲ.”

“ನಾ ಬಂದೀನ್ರಿ ಅತ್ತಿ. ನೀವಽ ಮುಂಜಾನಿ ನನ್ನ ಕೈಲೆ ಉಂಡೀರಿ.”

ಅವರು ಬಾಗಿಲಿಗೆ ಬಾಯಿ ಹತ್ತಿರ ತಂದು, ಯಾರಿಗೂ ಕೇಳಬಾರದು ಅನ್ನುವ ಹಾಗೆ ಹೇಳಿದರು: “ತಂಗಿ, ನೀ ಯಾರರೆ ಇರು. ನನಗ ಇಲ್ಲಿ ಕೀಲಿ ಹಾಕಿ ಇಟ್ಟಾರ. ಮುಂದಿನ ಬಾಗಲಾ ತಗೀಲಾಕ ಬರವಲ್ದು. ಹೊರಗ ಯಾರಿಗರೆ ಹೇಳು.”

“ಯಾರು ಹಾಕ್ಯಾರ್ರಿ ಕೀಲಿ?”

“ಮನ್ಯಾಗ ಒಬ್ಬಾಕಿ ಅದಾಳ. ಕೊಳ್ಳಾಗ ಕೀಲಿ ಹಾಕ್ಕೊಂಡು ತಿರಗ್ತಾಳ. ಭಾಳ ಬಿಗಿ ಹೆಣ್ಣಮಗಳು.”

ನನ್ನ ಕೈ ಕೊರಳಿಗೆ ಹೋಯಿತು. ಮೆಟ್ಟಿಲ ಮೇಲೆ ಕುಳಿತೆ. ತಗಡಿನ ಬಾಗಿಲಿಗೆ ಬಿಸಿಲು ಬಿದ್ದು ಕಾದಿತ್ತು. ಮೇಲೆ ಫೋನು ಬಡಿದುಕೊಳ್ಳುತ್ತಿತ್ತು.

ಮತ್ತೆ ಮಾಳಿಗೆಗೆ ಹತ್ತಿ ಓಣಿಯ ಕಡೆ ಬಗ್ಗಿ ನೋಡಿದೆ. ಬಿಸಿಲಿಗೆ ಓಣಿ ಬರಿದಾಗಿತ್ತು. ಆಪಾಳ ಮನೆಗೆ ಬೀಗ. ಆಚೆ ಮನೆಯವರ ಫೋನ್ ನಂಬರು ನನ್ನಲ್ಲಿರಲಿಲ್ಲ, ಕೂಗಿದೆ. ಕೂಲರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಯಾರಾದರೂ ಬಂದರೆ ಕೀಲಿಯನ್ನಾದರೂ ಎಸೆಯಬಹುದಿತ್ತು. ಒಂದು ನಾಯಿ ನೆರಳಿನಿಂದ ನೆರಳಿಗೆ ದಾಟಿತು, ಅಷ್ಟೆ. ಕೋಣೆಯಲ್ಲಿ ಪರದೆಗಳು ಹಾಗೇ ಬೆಳಗುತ್ತಿದ್ದವು. ನೂರಾರು ಮೈಲಿ ದೂರದ ಯಂತ್ರವನ್ನು ನಿಲ್ಲಿಸಲು, ಎಬ್ಬಿಸಲು, ಅದರೊಳಗಿನ ಡಿಸ್ಕುಗಳನ್ನು ಅತ್ತಿತ್ತ ಮಾಡಲು ನನಗೆ ಅಧಿಕಾರವಿತ್ತು. ಒಂದು ಚಿಲಕ ತೆಗೆಸುವುದು ಆಗುತ್ತಿರಲಿಲ್ಲ.

ಮತ್ತೆ ಇಳಿದು ಬಾಗಿಲಿಗೆ ಕಿವಿಯಿಟ್ಟೆ. ಅತ್ತೆ ಅಲ್ಲೇ ಇದ್ದರು, ಉಸಿರಾಟ ಕೇಳುತ್ತಿತ್ತು. ಏನು ಹೇಳಬೇಕೆಂದು ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು.

“ನರ್ಸಮ್ಮಾರ, ಮ್ಯಾಲೆ ಒಬ್ಬಾಕಿ ಬ್ಯಾನಿ ತಿನ್ನಾಕತ್ಯಾಳ್ರಿ. ಲಗೂನ ಬರ್ರಿ.”

ಆ ಕಡೆ ಬಳೆ ಸಪ್ಪಳವಾಯಿತು.

“ಯಾವಾಗಿಂದ?” ದನಿಯೇ ಬೇರೆಯಾಗಿತ್ತು.

“ಮುಂಜಾನಿಂದ್ರಿ.”

“ಚೊಚ್ಚಲೇನು?”

“ಹೌದ್ರಿ.”

“ನೀರೊಡದಾವೇನು?”

“ಗೊತ್ತಿಲ್ರಿ. ನೀವ್ ಬಂದು ನೋಡ್ರಿ.”

“ಮಗ್ಗಲಾಗಿ ಮಲಗಸು. ನಾ ನೀರು ಕಾಸಾಕ ಇಟ್ಟು ಬರ್ತೀನಿ,” ಅಂದು ಹೆಜ್ಜೆಗಳು ದೂರ ಹೋದವು.

ನೀರು ಕಾಸಲು ಅಂದರೆ ಗ್ಯಾಸು ಹಚ್ಚಲು. “ನೀರು ಬ್ಯಾಡ್ರಿ, ಹಂಗಽ ಬರ್ರಿ,” ಅಂತ ಕೂಗಿದೆ. ಬಾಗಿಲು ಬಡಿದೆ. ಒಳಗೆ ಕೊಡದಿಂದ ನೀರು ಬಗ್ಗಿಸಿದ ಸದ್ದು, ಪಾತ್ರೆ ಒಲೆಯ ಮೇಲಿಟ್ಟ ಸದ್ದು, ಲೈಟರಿನ ಚಟ್ ಚಟ್ ಸದ್ದು. ಹೋದ ತಿಂಗಳು ಅವರು ಗ್ಯಾಸು ಬಿಟ್ಟು, ಹಚ್ಚುವುದನ್ನು ಮರೆತು, ಅದರ ಮುಂದೆಯೇ ನಿಂತಿದ್ದರು. ನಾನು ಆ ಬಿಸಿ ತಗಡಿಗೆ ಹಣೆ ಹಚ್ಚಿ, ವಾಸನೆ ಬರುತ್ತದೋ ಅಂತ ಮೂಗು ಅಗಲಿಸಿ ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಮೇಲೆ ಫೋನು ಸುಮ್ಮನಾಗಿ ಮತ್ತೆ ಬಡಿಯತೊಡಗಿತ್ತು.

ಚಿಲಕ ಸರಿಯಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ಕೈ ತೊಳೆದುಕೊಂಡು, ಕೈಗಳನ್ನು ಮೇಲೆತ್ತಿ ಹಿಡಿದು ನಿಂತಿದ್ದರು. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರನ್ನು ಸರಿಸಿ ಅಡುಗೆಮನೆಗೆ ಓಡಿದೆ. ಒಲೆ ಸಣ್ಣಗೆ ಉರಿಯುತ್ತಿತ್ತು. ಪಾತ್ರೆಯಲ್ಲಿ ನೀರು, ನೀರಿನಲ್ಲಿ ಆಪಾಳ ಕತ್ತರಿ, ಒಂದು ಎಳೆ ದಾರ. ಪಕ್ಕದಲ್ಲಿ ಮಡಿಚಿಟ್ಟ ಒಗೆದ ಬಟ್ಟೆ. ಎಲ್ಲಿಯೂ ಒಂದು ತಪ್ಪಿರಲಿಲ್ಲ. ನಾನು ಒಲೆ ಆರಿಸಿ, ಸಿಲಿಂಡರಿನ ಕಿವಿ ತಿರುವಿ, ಅಲ್ಲೇ ಗೋಡೆಗೆ ಒರಗಿದೆ.

ಹಿಂದಿರುಗಿದಾಗ ಅತ್ತೆ ಮೆಟ್ಟಿಲು ಹತ್ತುತ್ತಿದ್ದರು. ಮೊಣಕಾಲು ನೋವೆಂದು ವರ್ಷದಿಂದ ಮೇಲೆ ಬಾರದವರು ಗೋಡೆ ಹಿಡಿದು ನಿಲ್ಲದೆ ಹತ್ತಿದರು. ಕೋಣೆಯಲ್ಲಿ ಸುತ್ತ ನೋಡಿದರು. ಪರದೆ, ವೈರು, ಕುರ್ಚಿ.

“ಎಲ್ಲಿ ಅದಾಳ?”

ಸುಳ್ಳಿಗೆ ಮುಂದಿನ ಸುಳ್ಳು ನನ್ನಲ್ಲಿರಲಿಲ್ಲ. ಅಳು ಬಂತು. ಅತ್ತೆ ನನ್ನನ್ನು ಹಾಗೇ ನೋಡಿದರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದು, ನನ್ನ ಹೊಟ್ಟೆ ಮುಟ್ಟಿ ನೋಡಿದರು, ಮಣಿಕಟ್ಟು ಹಿಡಿದು ನಾಡಿ ನೋಡಿದರು.

“ನಿನಗೇನೂ ಆಗಿಲ್ಲ,” ಅಂದರು. “ಅಂಜೀದಿ ಅಷ್ಟಽ. ಕೂಡು. ನಾ ಅದೀನಿ.”

ನಾನು ಕುರ್ಚಿಯಲ್ಲಿ ಕುಳಿತೆ. ಅವರು ಬದಿಯ ಸ್ಟೂಲಿನ ಮೇಲೆ ಕುಳಿತು ನನ್ನ ಬೆನ್ನ ಮೇಲೆ ಕೈಯಿಟ್ಟರು. ಫೋನು ಎತ್ತಿದೆ.

“ಎಲ್ಲಿ ಹೋಗಿದ್ರಿ ಮೇಡಂ?” ಮ್ಯಾನೇಜರ ಮೆತ್ತನೆಯ ಮಾತು ಆ ದಿನ ಸ್ವಲ್ಪ ಗಟ್ಟಿಯಾಗಿತ್ತು.

“ಮನ್ಯಾಗ ಅತ್ತಿ ಒಬ್ರೇ ಇದ್ರು ಸರ್. ಬಾಗಲಾ ಹಾಕ್ಕೊಂಡಿದ್ರು. ಈಗ ಮಾಡ್ತೀನಿ.”

ದಾರಿಯ ನಂಬರು ಹೇಳಿ ಬರೆದಿದ್ದ ಹಳೆಯ ಅಪ್ಪಣೆ ಅಳಿಸಿದೆ. ಪರರ ಡಿಸ್ಕನ್ನು ಮಶೀನಿನಿಂದ ಬಿಡಿಸಿ ಹೋಸ್ಟಿಗೆ ಮರಳಿಸಿದೆ. ಆ ವಿಭಾಗದವರು ನೋಡಿ, ಒಂದಕ್ಷರವೂ ಕೆಟ್ಟಿಲ್ಲ ಅಂದರು. ಆಮೇಲೆ ವಿಮೆಯ ಡಿಸ್ಕನ್ನು ಅದರ ಸ್ವಂತ ನಂಬರಿನಿಂದ ಹುಡುಕಿ, ಈಗ ಅದು ಯಾವ ದಾರಿಯಲ್ಲಿದೆ ನೋಡಿ, ಹೋಸ್ಟಿನ ಕೈಯಿಂದ ಬಿಡಿಸಿ, ಡ್ರೈವರು ಕೂಡಿಸಿ, ಮಶೀನಿಗೆ ಜೋಡಿಸಿದೆ. ಮಶೀನು ಎದ್ದಿತು. ಏನೂ ಕೇಳಲಿಲ್ಲ.

“ಥ್ಯಾಂಕ್ಸ್ ಮೇಡಂ, ಇವತ್ತು ನೀವಿಲ್ದಿದ್ರೆ,” ಅಂತ ಮ್ಯಾನೇಜರು ಶುರು ಮಾಡಿದರು.

“ಅದಽ ಮಾತು ಸರ್,” ಅಂದೆ. “ನಾನಿಲ್ದಿದ್ರ ಅನ್ನೂದು ಇನ್ನ ಇರಬಾರದು. ಈ ಕೆಲಸ ಇನ್ನೊಬ್ರಿಗೆ ಕಲಸ್ತೀನಿ. ಬರೂ ವಾರದಿಂದ. ಯಾರನ್ನರೆ ಕೊಡ್ರಿ. ಕೊಡಲಿಲ್ಲಂದ್ರ ಮುಂದಿನ ಸಲ ನಾ ಫೋನ್ ಎತ್ತಾಂಗಿಲ್ಲ.”

ಅವರು ನೋಡೋಣ ಅಂದರು. ನಾನು ನೋಡೋಣ ಅನ್ನಲಿಲ್ಲ.

ಸಂಜೆ ಆಪಾ ನಿಕಾಹ್‌ನ ಬಿರಿಯಾನಿ ಕಟ್ಟಿಸಿಕೊಂಡು ಬಂದಳು. ತನ್ನ ಕತ್ತರಿ ಪಾತ್ರೆಯಲ್ಲಿರುವುದು ಕಂಡು ಕೇಳಿದಳು, ಹೇಳಿದೆ. ನಗಲಿಲ್ಲ ಅವಳು. ಅತ್ತೆಯ ಪಕ್ಕ ಕುಳಿತು ಅವರ ಕಾಲು ಒತ್ತಿದಳು. ಮರುದಿನ ರಜೆಗೆ ಬಂದ ನನ್ನ ಗಂಡ ಮೆಟ್ಟಿಲ ಬಾಗಿಲಿನ ಚಿಲಕ ಬಿಚ್ಚಿ ಮಾಳಿಗೆಯ ಬದಿಗೆ ಹೊಡೆದರು. ಮುಂಬಾಗಿಲಿನ ಬೀಗದ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅದನ್ನು ತೆಗೆಯುವುದು ಸಾಧ್ಯವಿರಲಿಲ್ಲ. ಕೀಲಿಯನ್ನು ಮಾತ್ರ ಕೊರಳಿನಿಂದ ತೆಗೆದು, ಅತ್ತೆಗೆ ಕಾಣದ ಹಾಗೆ ಸೀರೆಯೊಳಗೆ ಸಿಕ್ಕಿಸಿಕೊಳ್ಳತೊಡಗಿದೆ.

ಕಂಪನಿಯವರು ರಾಯಚೂರಿನ ಒಬ್ಬ ಹೆಣ್ಣುಮಗಳನ್ನು ಕೊಟ್ಟರು. ಅವಳಿಗೆ ಸಣ್ಣ ಕೂಸು, ಅವಳೂ ಮನೆಯಿಂದಲೇ. ಕೂಸು ಮಲಗಿದಾಗ, ಅತ್ತೆ ಮಲಗಿದಾಗ, ನಾವಿಬ್ಬರೂ ಪ್ರಯೋಗಕ್ಕೆಂದೇ ಇಟ್ಟ ಒಂದು ಖಾಲಿ ಡಿಸ್ಕನ್ನು ಬಿಡಿಸಿ, ಜೋಡಿಸಿ, ಮತ್ತೆ ಬಿಡಿಸಿ ಕಲಿತೆವು. ದಾರಿಯ ನಂಬರನ್ನು ನಂಬಬೇಡ, ಡಿಸ್ಕಿನ ನಂಬರು ಕೇಳು ಅಂತ ನಾನು ಎಷ್ಟು ಸಲ ಹೇಳಿದೆನೆಂದರೆ ಅವಳು ನನ್ನ ಬಾಯಿಗಿಂತ ಮೊದಲು ಹೇಳುತ್ತಿದ್ದಳು. ಕಲಿತದ್ದು ಬೇಗ. ಆದರೆ ನನಗೆ ನೌಕರಿ ಬಿಡಲಾಗಲಿಲ್ಲ. ಅತ್ತೆಯ ಔಷಧ, ಮನೆಯ ಖರ್ಚು, ಗಂಡನೊಬ್ಬನ ಸಂಬಳದಲ್ಲಿ ಸಾಗುವಂತಿರಲಿಲ್ಲ. ಅಲ್ಲದೆ ಬಿಟ್ಟು ಎಲ್ಲಿಗೆ ಹೋಗುವುದು? ಹೋಗುವ ಜಾಗವೂ ಇದೇ ಮನೆಯೇ.

ಮುಂದಿನ ಸಲ ಹೋಸ್ಟನ್ನು ನಿಲ್ಲಿಸಿ ಎಬ್ಬಿಸಿದ ದಿನ ನಾನು ಅತ್ತೆಯನ್ನು ಯಾದಗಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸರದಿಯಲ್ಲಿ ಕುಳಿತಷ್ಟು ಹೊತ್ತೂ ಫೋನು ಕೈಯಲ್ಲೇ ಇತ್ತು. ಬಡಿಯಲಿಲ್ಲ. ಎಲ್ಲ ಮುಗಿದ ಮೇಲೆ ರಾಯಚೂರಿನಾಕೆ ‘ಎದ್ದಿತು ಅಕ್ಕಾ’ ಅಂತಷ್ಟೇ ಬರೆದಿದ್ದಳು. ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೂ ಫೋನು ಚೀಲದಲ್ಲಿಡದೆ, ಇನ್ನೊಮ್ಮೆ ನನ್ನನ್ನು ಕರೆಯಬಹುದೇನೋ ಅಂತ ನೋಡುತ್ತ ಕುಳಿತೆ.

ಡಾಕ್ಟರು ಗುಳಿಗೆ ಬದಲಿಸಿದರು, ಇನ್ನು ಮುಂದೆ ಇದಕ್ಕಿಂತ ಸುಧಾರಿಸುವುದು ಕಷ್ಟ ಅಂದರು. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಅತ್ತೆ, ಈಚೆ ನಾನು. ಶಹಾಪುರ ಬರುವಷ್ಟರಲ್ಲಿ ಅವರು ನನ್ನ ತೋಳಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಜನ ಇಳಿದು ಚಹಾ ಕುಡಿದು ಬಂದರು. ನನಗೂ ಚಹಾ ಬೇಕೆನಿಸಿತ್ತು. ತೋಳು ಜೋಮು ಹಿಡಿದು ಬೆರಳುಗಳ ಅರಿವೇ ಇರಲಿಲ್ಲ. ಅತ್ತೆಗೆ ಎಚ್ಚರವಾದರೆ, ನೀ ಯಾರ ಮನೆಯಾಕೆ ಎಂದು ಮತ್ತೆ ಕೇಳುತ್ತಾರೆ. ಕೇಳಲಿ, ಹೇಳೋಣ ಅಂದುಕೊಂಡು ಹಾಗೇ ಕುಳಿತೆ.